ಬೆಳೆಯುವ ಸಿರಿಯೂ ಮೊಳಕೆಯೂ



"ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂಬ ಗಾದೆಯನ್ನು ನಮ್ಮ ಸಂಘದ ವೇದಿಕೆಯ ಮೇಲೆ ವರ್ಷಕ್ಕೆರಡು ಸಲವಾದರೂ ಕೇಳುತ್ತೇವೆ, ಯುಗಾದಿಗೊಮ್ಮೆ, ರಾಜ್ಯೋತ್ಸವಕ್ಕೊಮ್ಮೆ. ಆರು ವರ್ಷದ ಮಗು ದೇವರನಾಮ ಹಾಡಿ ಇಳಿದಾಗಲೂ, ಹತ್ತು ವರ್ಷದ ಹುಡುಗನಿಗೆ ಗಣಿತದಲ್ಲಿ ಬಹುಮಾನ ಬಂದಾಗಲೂ ನಿರೂಪಕರ ಬಾಯಿಗೆ ಮೊದಲು ಬರುವುದು ಇದೇ ಮಾತು. ಗಾದೆಯ ಮೇಲೆ ನನಗೆ ದ್ವೇಷವೇನೂ ಇಲ್ಲ. ಆದರೆ ಅದನ್ನು ಹೇಳುವವರು ಯಾವಾಗಲೂ ಬೆಳೆದ ಮರದ ನೆರಳಿನಲ್ಲಿ ನಿಂತು ಹೇಳುತ್ತಾರೆ. ಸೊಂಪಾಗಿ ಮೊಳೆತು ಆಮೇಲೆ ಬಾಡಿದ ಸಸಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಪ್ರಯೋಗಶಾಲೆಯಲ್ಲಿ ಫಲ ಕೊಟ್ಟ ಪ್ರಯೋಗಗಳನ್ನಷ್ಟೇ ಬರೆದಿಟ್ಟು ಉಳಿದ ಹಾಳೆಗಳನ್ನು ಹರಿದುಹಾಕಿದರೆ ಆ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಗಾದೆಯ ಪುಸ್ತಕವೂ ಅಂಥದೇ.

ನಮ್ಮ ಮಕ್ಕಳ ಸಾಧನೆಯ ಪಟ್ಟಿಗೆ ಈಗ ಸಾಕರ್ ಸಹ ಸೇರಿದೆ. ಶನಿವಾರ ಬೆಳಿಗ್ಗೆ ಪೆರಿ ಕ್ರೀಕ್ ರಸ್ತೆಯ ಮೈದಾನಕ್ಕೋ ಕ್ಯಾರಿಯ ಮೈದಾನಕ್ಕೋ ಹೋದರೆ ಮಡಿಸುವ ಕುರ್ಚಿ, ಥರ್ಮಾಸಿನ ಕಾಫಿ ಸಮೇತ ನಮ್ಮವರು ಸಿಗುತ್ತಾರೆ. ಎಲ್ಲವೂ ಸಂತೋಷವೇ. ಆದರೆ ಒಂಬತ್ತು ವರ್ಷದ ಮಗುವಿಗೆ ಟ್ರಾವೆಲ್ ಟೀಮು, ಪ್ರತ್ಯೇಕ ಕೋಚು, ಬೇಸಿಗೆಯಲ್ಲಿ ಎರಡೆರಡು ಕ್ಯಾಂಪು, ಜೊತೆಗೆ "ಈಗ ಬಿಟ್ಟರೆ ಮತ್ತೆ ಸಿಗದು" ಎಂಬ ಆತಂಕ! ಈ ಮಾತುಗಳನ್ನು ಕೇಳುವಾಗಲೆಲ್ಲ ನನಗೆ ನಮ್ಮಿಂದ ನಾಲ್ಕೈದು ಗಂಟೆಯ ದಾರಿಯಲ್ಲಿರುವ ವಾಷಿಂಗ್‌ಟನ್ನಿನ ಹುಡುಗನೊಬ್ಬನ ಕಥೆ ನೆನಪಾಗುತ್ತದೆ. ಅವನ ಹೆಸರು ಫ್ರೆಡ್ಡಿ ಆಡು. ಅವನದೂ ನಮ್ಮಂತೆಯೇ ವಲಸೆ ಬಂದ ಕುಟುಂಬ.

ಫ್ರೆಡ್ಡಿ ಹುಟ್ಟಿದ್ದು 1989ರ ಜೂನ್ 2ರಂದು, ಘಾನಾ ದೇಶದ ತೆಮಾ ಎಂಬ ಬಂದರು ಪಟ್ಟಣದಲ್ಲಿ. ಗ್ರೀನ್ ಕಾರ್ಡ್ ಲಾಟರಿಯಲ್ಲಿ ತಾಯಿಯ ಹೆಸರು ಬಂದು, 1997ರಲ್ಲಿ ಕುಟುಂಬ ಮೇರಿಲ್ಯಾಂಡಿನ ರಾಕ್‌ವಿಲ್‌ಗೆ ಬಂತು. ಹುಡುಗನಿಗೆ ಆಗ ಎಂಟು ವರ್ಷ. ತಾಯಿ ಎರಡೆರಡು ಕಡೆ ದುಡಿದು ಇಬ್ಬರು ಗಂಡುಮಕ್ಕಳನ್ನು ಸಾಕಿದರು. ಹುಡುಗನ ಕಾಲಿನಲ್ಲಿ ಏನೋ ಇದೆಯೆಂಬುದು ಬೇಗನೆ ಎಲ್ಲರಿಗೂ ಗೊತ್ತಾಯಿತು. ಹತ್ತು ವರ್ಷವಾಗುವಷ್ಟರಲ್ಲಿ ಇಟಲಿಯ ಇಂಟರ್ ಮಿಲಾನ್ ಕ್ಲಬ್ಬು ದೊಡ್ಡ ಮೊತ್ತ ಹಿಡಿದು ಬಂತು. ತಾಯಿ ಬೇಡವೆಂದರು. ಆಕೆ ದುರಾಸೆಯವರಲ್ಲ ಎನ್ನಲು ಅಷ್ಟು ಸಾಕು.

2003ರ ಆಗಸ್ಟಿನಲ್ಲಿ ಫಿನ್‌ಲ್ಯಾಂಡಿನಲ್ಲಿ ನಡೆದ 17ರೊಳಗಿನವರ ವಿಶ್ವ ಪಂದ್ಯಾವಳಿಯಲ್ಲಿ, 14ರ ಈ ಮುಂಪಂಕ್ತಿಯ ಆಟಗಾರ ದಕ್ಷಿಣ ಕೊರಿಯದ ಮೇಲೆ ಮೂರು ಗೋಲು ಹೊಡೆದ. ನವೆಂಬರಿನಲ್ಲಿ ಅಮೆರಿಕದ ವೃತ್ತಿಪರ ಲೀಗು ಅವನಿಂದ ಸಹಿ ಹಾಕಿಸಿತು. ಪಾದರಕ್ಷೆಯ ಕಂಪನಿ ನೈಕಿ ಹತ್ತು ಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡಿತು. ಹುಡುಗ ತಾಯಿಯ ಹತ್ತಿರ ಇರಲೆಂದು ಮೊದಲ ಆಯ್ಕೆಯ ಹಕ್ಕನ್ನು ಡಲ್ಲಾಸ್ ತಂಡದಿಂದ ವಾಷಿಂಗ್‌ಟನ್ನಿನ ಡಿ.ಸಿ. ಯುನೈಟೆಡ್ ತಂಡಕ್ಕೆ ಕೊಡಿಸಿದ್ದೂ ಆಯಿತು. 2004ರ ಏಪ್ರಿಲ್ 3ರಂದು ಆರ್.ಎಫ್.ಕೆ. ಕ್ರೀಡಾಂಗಣದಲ್ಲಿ ಸ್ಯಾನ್ ಹೋಸೆಯ ವಿರುದ್ಧ ಆಟದ ನಡುವೆ ಬದಲಿಯಾಗಿ ಇಳಿದಾಗ ಅವನ ವಯಸ್ಸು 14 ವರ್ಷ 306 ದಿನ. ಅದೇ ತಿಂಗಳು 17ರಂದು ಮೊದಲ ಗೋಲು. ಕಾರು ಓಡಿಸುವ ಲೈಸೆನ್ಸ್ ಪಡೆಯುವ ವಯಸ್ಸೂ ಆಗಿರದ ಹುಡುಗ, ಪೆಲೆಯ ಪಕ್ಕದಲ್ಲಿ ನಿಂತು ತಂಪು ಪಾನೀಯದ ಜಾಹೀರಾತಿನಲ್ಲಿ ಕಾಣಿಸಿಕೊಂಡ. "ಹೊಸ ಪೆಲೆ" ಎಂಬ ಪಟ್ಟ ಅಲ್ಲಿಗೆ ಗಟ್ಟಿಯಾಯಿತು.

ಮುಂದಿನದು ಅನೇಕರಿಗೆ ಗೊತ್ತು. 2006ರ ಕೊನೆಗೆ ಸಾಲ್ಟ್ ಲೇಕ್ ತಂಡಕ್ಕೆ, 2007ರಲ್ಲಿ ಲಿಸ್ಬನ್ನಿನ ಬೆನ್‌ಫಿಕಾಕ್ಕೆ. ಅಲ್ಲಿಂದ ಎರವಲಾಗಿ ಮೊನಾಕೊ, ಬೆಲೆನೆನ್ಸೆಸ್, ಗ್ರೀಸ್, ತುರ್ಕಿ. ಆಮೇಲೆ ಫಿಲಡೆಲ್ಫಿಯಾ, ಬ್ರೆಜಿಲ್, ಸರ್ಬಿಯ, ಫಿನ್‌ಲ್ಯಾಂಡ್, ಟ್ಯಾಂಪಾ, ಲಾಸ್ ವೇಗಸ್. 2021ರ ಫೆಬ್ರುವರಿಯಲ್ಲಿ ಸ್ವೀಡನ್ನಿನ ಕೆಳ ದರ್ಜೆಯ ತಂಡವೊಂದು ಆಡಿಸದೆಯೇ ಬಿಟ್ಟುಕೊಟ್ಟಿತು. ಅಮೆರಿಕದ ರಾಷ್ಟ್ರೀಯ ತಂಡಕ್ಕೆ ಒಟ್ಟು 17 ಪಂದ್ಯ, 2 ಗೋಲು.

ಈ ಕಥೆಯನ್ನು "ಪ್ರತಿಭೆ ಇತ್ತು, ಶ್ರಮ ಸಾಲದಾಯಿತು" ಎಂದು ಹೇಳಿ ಮುಗಿಸುವುದು ವಾಡಿಕೆ. ನನಗೆ ಆ ತೀರ್ಪು ಸರಿಯೆನಿಸುವುದಿಲ್ಲ. ಅಂಕಿಗಳನ್ನೇ ನೋಡಿ. ಡಿ.ಸಿ. ಯುನೈಟೆಡ್ ಪರ ಮೂರು ವರ್ಷಗಳಲ್ಲಿ ಫ್ರೆಡ್ಡಿ ಲೀಗಿನಲ್ಲಿ ಆಡಿದ್ದು 87 ಪಂದ್ಯ, ಹೊಡೆದದ್ದು 11 ಗೋಲು. ಮೊದಲ ವರ್ಷವೇ 30 ಪಂದ್ಯ, 5 ಗೋಲು. ಆ ವರ್ಷ ತಂಡ ಲೀಗಿನ ಕಪ್ಪನ್ನೂ ಗೆದ್ದಿತು. ಹೆಸರು ಮುಚ್ಚಿಟ್ಟು, "ಹದಿನೇಳು ವರ್ಷದ ಹುಡುಗನೊಬ್ಬ ದೊಡ್ಡವರ ನಡುವೆ ಇಷ್ಟು ಮಾಡಿದ್ದಾನೆ" ಎಂದು ಯಾರಿಗಾದರೂ ತೋರಿಸಿದರೆ "ಭೇಷ್, ಮುಂದಕ್ಕೆ ಬರುತ್ತಾನೆ" ಎನ್ನುತ್ತಾರೆ. ಫ್ರೆಡ್ಡಿಗೆ ಮಾತ್ರ ಅದೇ ಅಂಕಿ ಸೋಲಾಯಿತು. ಏಕೆಂದರೆ ಅಳೆಯುವ ಕೋಲು ಪೆಲೆಯದಾಗಿತ್ತು. ಕೋಲನ್ನು ತಂದಿಟ್ಟವರು ದೊಡ್ಡವರು.

ದೊಡ್ಡವರಿಗೆ ಕಾರಣಗಳಿದ್ದವು. 2004ರಲ್ಲಿ ಈ ಲೀಗಿನಲ್ಲಿದ್ದದ್ದು ಹತ್ತೇ ತಂಡ. ಅದಕ್ಕೆ ಎರಡು ವರ್ಷ ಮೊದಲು ಫ್ಲಾರಿಡಾದ ಎರಡು ತಂಡಗಳು ಮುಚ್ಚಿದ್ದವು. ಜನ ಟಿಕೆಟು ಕೊಳ್ಳಲು ಒಂದು ಮುಖ ಬೇಕಾಗಿತ್ತು, ಆ ಮುಖ ಸಿಕ್ಕಿತು. ಆದರೆ ಹದಿನಾಲ್ಕರ ಹುಡುಗ ಮೆಟ್ಟಿಲು ಮೆಟ್ಟಿಲಾಗಿ ಹತ್ತುವುದಕ್ಕೆ ಕಿರಿಯರ ತಂಡ, ಮೀಸಲು ತಂಡಗಳ ಏರ್ಪಾಡು ಆಗ ಆ ಲೀಗಿನಲ್ಲಿ ಇರಲಿಲ್ಲ. ನೆಲಮಾಳಿಗೆಯಿಂದ ನೇರ ಮಹಡಿಗೆ ಹಾರಬೇಕಾಗಿತ್ತು.

ಅದೇ 2004ರಲ್ಲಿ ಸ್ಪೇನಿನಲ್ಲಿ ಇನ್ನೊಬ್ಬ ವಲಸೆಯ ಹುಡುಗನಿದ್ದ. ಅರ್ಜೆಂಟೈನಾದ ಲಿಯೊನೆಲ್ ಮೆಸ್ಸಿ ಹದಿಮೂರರಲ್ಲಿ ಬಾರ್ಸಿಲೋನಾ ಕ್ಲಬ್ಬಿಗೆ ಬಂದವನು. ಬೆಳವಣಿಗೆಯ ಹಾರ್ಮೋನಿನ ಕೊರತೆಯಿತ್ತು. ಚಿಕಿತ್ಸೆಯ ಖರ್ಚನ್ನು ಕ್ಲಬ್ಬು ವಹಿಸಿಕೊಂಡಿತು. ಹದಿನಾಲ್ಕರಲ್ಲಿ ಅವನು ತನ್ನ ವಯಸ್ಸಿನ ಹುಡುಗರೊಡನೆ ಆಡುತ್ತಿದ್ದ. ಆಮೇಲೆ ಸಿ ತಂಡ, ಬಿ ತಂಡ. ಮೊದಲ ಲೀಗ್ ಪಂದ್ಯ ಆಡಿದ್ದು 2004ರ ಅಕ್ಟೋಬರಿನಲ್ಲಿ, 17ನೇ ವಯಸ್ಸಿನಲ್ಲಿ. ಮೆಸ್ಸಿಯ ಪ್ರತಿಭೆ ಹೆಚ್ಚಿನದೇ ಇರಬಹುದು. ಎರಡು ಪ್ರನಾಳಗಳಿಂದ ಸಿದ್ಧಾಂತ ಕಟ್ಟಲಾಗದೆಂಬುದು ನನಗೂ ಗೊತ್ತು. ಆದರೂ ಒಬ್ಬನಿಗೆ ತಪ್ಪು ಮಾಡಲು ನಾಲ್ಕು ವರ್ಷ ಸಿಕ್ಕಿತು, ಯಾರೂ ನೋಡುತ್ತಿರಲಿಲ್ಲ. ಇನ್ನೊಬ್ಬನ ಪ್ರತಿಯೊಂದು ತಪ್ಪನ್ನೂ ದೇಶವೇ ನೋಡಿತು.

ನನ್ನ ಕಸುಬಿನ ಒಂದು ಮಾತು ಹೇಳಿದರೆ ತಾವು ಕ್ಷಮಿಸಬೇಕು. ಸಣ್ಣ ಗಾಜಿನ ಬುರುಡೆಯಲ್ಲಿ ಸಲೀಸಾಗಿ ನಡೆಯುವ ರಾಸಾಯನಿಕ ಕ್ರಿಯೆಯನ್ನು ಕಾರ್ಖಾನೆಯ ದೊಡ್ಡ ಪಾತ್ರೆಗೆ ಏರಿಸುವಾಗ ಹೊಸಬರು ಸಾಮಾನುಗಳನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸಿದರಾಯಿತೆಂದು ತಿಳಿಯುತ್ತಾರೆ. ಆದರೆ ಪಾತ್ರೆಯ ಉದ್ದಗಲ ಎತ್ತರಗಳನ್ನು ಹತ್ತರಷ್ಟು ಮಾಡಿದರೆ ಒಳಗಿನ ದ್ರವ ಸಾವಿರದಷ್ಟಾಗುತ್ತದೆ, ಹೊರಮೈ ನೂರರಷ್ಟೇ ಆಗುತ್ತದೆ. ಹುಟ್ಟುವ ಶಾಖ ಹೆಚ್ಚು, ಹೊರಹೋಗುವ ದಾರಿ ಕಡಿಮೆ. ಆದುದರಿಂದ ಅನುಭವಸ್ಥರು ಮೊದಲು ತಣಿಸುವ ಏರ್ಪಾಡನ್ನು ನೋಡಿಕೊಂಡು, ಹಂತಹಂತವಾಗಿ ಏರಿಸುತ್ತಾರೆ. ಮಕ್ಕಳ ವಿಷಯದಲ್ಲಿಯೂ ಶಾಖ ಹೊರಹೋಗುವ ದಾರಿಯನ್ನು ಮೊದಲು ನೋಡಬೇಕೆಂದು ನನ್ನ ನಂಬಿಕೆ. ಸೋತ ಸಂಜೆ ಮನೆಗೆ ಬಂದು ಅನ್ನ ಸಾರು ಉಂಡು, ಆಟದ ಮಾತೇ ಇಲ್ಲದೆ ಮಲಗಲು ಸಾಧ್ಯವಾಗುವುದೇ ಆ ದಾರಿ.

ನಮ್ಮ ಕಡೆಯ ಉದಾಹರಣೆಯೂ ಇದೆ. ಬೆಂಗಳೂರಿನವರಿಗೆ ಸುನಿಲ್ ಛೆಟ್ರಿಯವರ ಹೆಸರು ಹೇಳಿಕೊಡಬೇಕಾಗಿಲ್ಲ. ಅವರು ಮೋಹನ್ ಬಗಾನ್ ಸೇರಿದ್ದು 2002ರಲ್ಲಿ, ಹದಿನೇಳು ವರ್ಷವಾದ ಮೇಲೆ. 2010ರಲ್ಲಿ ಅಮೆರಿಕಕ್ಕೆ ಬಂದು ಕ್ಯಾನ್ಸಸ್ ಸಿಟಿ ಸೇರಿದರು. ಹೆಚ್ಚು ಆಡಲು ಸಿಗಲಿಲ್ಲ. 2012ರಲ್ಲಿ ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ಬಿಗೆ ಹೋದರು. ಅಲ್ಲಿಯೂ ನೆಲೆ ನಿಲ್ಲಲಿಲ್ಲ. ಫ್ರೆಡ್ಡಿ ಎಡವಿದ ಊರಿನಲ್ಲಿಯೇ ಇವರೂ ಎಡವಿದರು. ಆದರೆ ಇವರನ್ನು ಯಾರೂ ಬಾಲ್ಯದಲ್ಲಿ ಪೆಲೆಯೆಂದು ಮಾರಿರಲಿಲ್ಲವಾದ್ದರಿಂದ ಹಿಂದಿರುಗಿ ಬರುವುದು ಅವಮಾನವಾಗಲಿಲ್ಲ. 2013ರಲ್ಲಿ ಆಗತಾನೆ ಹುಟ್ಟಿದ ಬೆಂಗಳೂರು ಎಫ್.ಸಿ. ಸೇರಿ, ಮೊದಲ ವರ್ಷವೇ ಐ-ಲೀಗ್ ಗೆದ್ದುಕೊಟ್ಟರು. 2024ರ ಜೂನಿನಲ್ಲಿ ಕೊಲ್ಕತ್ತೆಯಲ್ಲಿ ವಿದಾಯದ ಪಂದ್ಯ ಆಡಿದಾಗ ಭಾರತದ ಪರ 94 ಗೋಲುಗಳಾಗಿದ್ದವು. ಅದಕ್ಕೂ ಹಿಂದೆ, ಬೆಂಗಳೂರಿನ ಅಹ್ಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸಿನಲ್ಲಿ ಆಡಿ, ಕೊಲ್ಕತ್ತೆಯ ಈಸ್ಟ್ ಬೆಂಗಾಲಿನ "ಪಂಚ ಪಾಂಡವ"ರಲ್ಲಿ ಒಬ್ಬರೆನಿಸಿದವರು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹನ್ನೆರಡರೊಳಗೆ ಒಳ್ಳೆಯ ತಂಡ ಸಿಗದಿದ್ದರೆ ಇಲ್ಲಿಯ ಹೈಸ್ಕೂಲಿನ ತಂಡಕ್ಕೆ ಸೇರುವುದು ಕಷ್ಟವೆಂಬುದೂ ನಿಜ. ಬೇಗ ಕಲಿಸಬೇಡಿರೆಂದು ನಾನು ಹೇಳುವುದಿಲ್ಲ. ಕಲಿಸುವುದು ಬೇರೆ, ಸಾರುವುದು ಬೇರೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 1985ರಲ್ಲಿ ಕೆನಡಾದ ಸಂಶೋಧಕರು ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ನೋಡಿದಾಗ, ವಯೋವರ್ಗದ ಲೆಕ್ಕ ಶುರುವಾಗುವ ಜನವರಿಯ ಆಸುಪಾಸಿನಲ್ಲಿ ಹುಟ್ಟಿದವರೇ ಹೆಚ್ಚಾಗಿದ್ದರು. ಸಾಕರಿನಲ್ಲಿಯೂ ಇದನ್ನೇ ಅನೇಕ ಕಡೆ ಕಂಡಿದ್ದಾರೆ. ಒಂಬತ್ತು ವರ್ಷದವರಲ್ಲಿ ಹತ್ತು ತಿಂಗಳು ದೊಡ್ಡವನಾದ ಹುಡುಗ ಎತ್ತರವಾಗಿರುತ್ತಾನೆ, ಓಡುತ್ತಾನೆ, ಆಯ್ಕೆಯಾಗುತ್ತಾನೆ, ಒಳ್ಳೆಯ ಕೋಚನ್ನು ಪಡೆಯುತ್ತಾನೆ. ನಾವು ಪ್ರತಿಭೆಯೆಂದು ಚಪ್ಪಾಳೆ ತಟ್ಟುವುದರಲ್ಲಿ ಸ್ವಲ್ಪ ಭಾಗ ಕ್ಯಾಲೆಂಡರಿನದು. ಹೊರಗುಳಿದ ಅಕ್ಟೋಬರಿನ ಮಗುವಿನ ಬಗ್ಗೆ ಯಾವ ಗಾದೆಯೂ ಇಲ್ಲ.

ಆದುದರಿಂದ ಸಂಘದ ಮುಂದೆ ಎರಡು ಸಲಹೆಗಳನ್ನು ಇಡುತ್ತೇನೆ. ಒಂದು: ಈ ಪತ್ರಿಕೆಯ "ಮಕ್ಕಳ ಸಾಧನೆ" ಪುಟದಲ್ಲಿ ಹದಿನಾಲ್ಕರೊಳಗಿನವರ ಸ್ಥಾನ, ಪದಕ, ತಂಡಗಳ ಹೆಸರನ್ನು ಅಚ್ಚು ಹಾಕುವುದು ನಿಲ್ಲಲಿ. ಅದರ ಬದಲು ಯಾವ ಮಗುವಾದರೂ ತನಗೆ ಇಷ್ಟವಾದ ಆಟದ ಬಗ್ಗೆಯೋ ಪುಸ್ತಕದ ಬಗ್ಗೆಯೋ ನಾಲ್ಕು ಸಾಲು ಕನ್ನಡದಲ್ಲಿ ಬರೆದುಕೊಡಲಿ. ಕಾಗುಣಿತ ತಪ್ಪಿದ್ದರೂ ಹಾಗೆಯೇ ಅಚ್ಚಾಗಲಿ. ಎರಡು: ಬೇಸಿಗೆಯ ಪಿಕ್‌ನಿಕ್ಕಿನಲ್ಲಿ ಮಕ್ಕಳು, ಅಪ್ಪಂದಿರು, ಅಮ್ಮಂದಿರು ಕಲೆತು ಒಂದು ಗಂಟೆ ಸಾಕರ್ ಆಡೋಣ. ಗೋಲನ್ನು ಎಣಿಸುವುದು ಬೇಡ, ಕಪ್ಪೂ ಬೇಡ. ಟ್ರಾವೆಲ್ ಟೀಮಿನ ಹುಡುಗ ಗೋಲ್ ಕಾಯಲಿ, ಎಂದೂ ಆಡದ ಹುಡುಗಿ ಮುಂದೆ ನಿಲ್ಲಲಿ.

2024ರ ಜುಲೈ 17ರಂದು ಫಿಲಡೆಲ್ಫಿಯಾದ ಕ್ಯಾವನ್ ಸಲ್ಲಿವನ್ ಎಂಬ ಹುಡುಗ 14 ವರ್ಷ 293 ದಿನಕ್ಕೆ ಲೀಗಿನಲ್ಲಿ ಆಡಿ, ಫ್ರೆಡ್ಡಿಯ ದಾಖಲೆಯನ್ನು 13 ದಿನಗಳಿಂದ ಮುರಿದ. ಈಗ ಆ ಕ್ಲಬ್ಬುಗಳಲ್ಲಿ ಕಿರಿಯರ ಮೆಟ್ಟಿಲುಗಳಿವೆ. ಫ್ರೆಡ್ಡಿಯ ಪಾಡಿನಿಂದ ಯಾರೋ ಪಾಠ ಕಲಿತಿರಬಹುದು. ಆ ಹುಡುಗನಿಗೆ ಒಳ್ಳೆಯದಾಗಲಿ. ನಮ್ಮ ಮಕ್ಕಳಿಗೆ ಅಷ್ಟು ದೊಡ್ಡ ಅಪಾಯ ಬರಲಾರದು. ಅವರಿಗಿರುವ ವೇದಿಕೆ ಚಿಕ್ಕದು, ಅದರ ಮೈಕು ನಮ್ಮ ಕೈಯಲ್ಲಿಯೇ ಇದೆ.

ನನ್ನ ಸಲಹೆ ಸರಿಬೀಳದವರು ದಯವಿಟ್ಟು ಸಂಪಾದಕರಿಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಚರ್ಚೆ ಮುಂದುವರಿಯಲಿ. ಪಿಕ್‌ನಿಕ್ಕಿಗೆ ಚೆಂಡು ತರುವ ಜವಾಬ್ದಾರಿ ಮಾತ್ರ ನನ್ನದು.