ಎಲ್ಲವೂ ಲಕ್ವವಲ್ಲ

ಮನೆಯಲ್ಲಿ ಯಾರಿಗಾದರೂ ಕೈ ಸೋತರೆ ತಳಕು, ಚಳ್ಳಕೆರೆ ಕಡೆ ಮೊದಲು ಬರುವ ಮಾತು ‘ಲಕ್ವ ಹೊಡೆದಿದೆ’ ಎಂದು. ಎಣ್ಣೆ ತಿಕ್ಕುವುದು, ಹರಕೆ ಹೊರುವುದು ಶುರುವಾಗುತ್ತದೆ. ದಿಢೀರನೆ ಬಂದ ಲಕ್ವಕ್ಕೂ ಕೂಡಲೇ ಆಸ್ಪತ್ರೆಯೇ ಗತಿ. ಆದರೆ ವಾರದಿಂದ ವಾರಕ್ಕೆ ಕೈ ಬಲಗುಂದಿ, ಮಾತು ತೊದಲಿ, ದೃಷ್ಟಿ ಮಂಜಾಗುತ್ತ ಹೋದರೆ ಅದು ಲಕ್ವವೇ ಎಂದುಕೊಳ್ಳಬೇಡಿ.

ಪಿ.ಎಂ.ಎಲ್. ಎಂಬ ಮಿದುಳಿನ ಕಾಯಿಲೆ ಹೀಗೆಯೇ ಬರುತ್ತದೆ. ಇದಕ್ಕೆ ಕಾರಣ ಜೆ.ಸಿ. ಎಂಬ ವೈರಸ್. ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ದೇಹದಲ್ಲಿ ಇದು ತೊಂದರೆ ಕೊಡದೆ ಅಡಗಿರುತ್ತದೆ. ಎಚ್.ಐ.ವಿ., ರಕ್ತದ ಕ್ಯಾನ್ಸರ್, ಅಂಗ ಕಸಿಯ ನಂತರದ ಔಷಧಿ ಮುಂತಾದವುಗಳಿಂದ ರೋಗನಿರೋಧಕ ಶಕ್ತಿ ಕುಸಿದಾಗ ಮಿದುಳಿನಲ್ಲಿ ತಲೆ ಎತ್ತುತ್ತದೆ. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನರತಂತುಗಳಿಗೂ ಹೊದಿಕೆಯುಂಟು. ಅದನ್ನು ಕಾಪಾಡುವ ಜೀವಕೋಶಗಳನ್ನೇ ಈ ವೈರಸ್ ಕೊಲ್ಲುತ್ತದೆ.

ಇದೆಲ್ಲ ತಿಳಿದದ್ದು ಸೂಕ್ಷ್ಮದರ್ಶಕದಿಂದ. 1958ರಲ್ಲಿ ವೈದ್ಯರು ಮೃತ ರೋಗಿಗಳ ಮಿದುಳನ್ನು ಪರೀಕ್ಷಿಸಿ, ಹೊದಿಕೆ ಕಳಚಿದ ಕಲೆಗಳನ್ನೂ ಉಬ್ಬಿದ ಕೋಶಕೇಂದ್ರಗಳನ್ನೂ ವರ್ಣಿಸಿದರು. 1965ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್ಸಿನ ಕಣಗಳೇ ಕಂಡವು. 1971ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲಾಯಿತು.

ನಮ್ಮ ರಾಜ್ಯದಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಕೆಲಸ ನಡೆದಿದೆ. ಕುಟುಂಬದವರು ಒಪ್ಪಿ ಕೊಟ್ಟ ಮಿದುಳುಗಳನ್ನು ಕಾಪಾಡುವ ಭಂಡಾರ ಅಲ್ಲಿ 1995ರಲ್ಲಿ ಆರಂಭವಾಯಿತು. ಏಡ್ಸ್ ರೋಗಿಗಳ ಮಿದುಳನ್ನು ಅಲ್ಲಿ ಪರೀಕ್ಷಿಸಿದಾಗ ವೈರಸ್ ಮಾತ್ರವಲ್ಲ, ಕ್ಷಯ, ಶಿಲೀಂಧ್ರ, ಟಾಕ್ಸೊಪ್ಲಾಸ್ಮಾ ಸೋಂಕುಗಳೂ ಕಂಡಿವೆ. ಹೊರಗಿನಿಂದ ನೋಡಿದರೆ ಇವೆಲ್ಲ ಒಂದೇ ಬಗೆ. ಆದರೆ ಈ ಮೂರಕ್ಕೂ ಔಷಧಿ ಇದೆ. ಜೆ.ಸಿ. ವೈರಸ್ಸನ್ನೇ ಕೊಲ್ಲುವ ಖಚಿತ ಔಷಧಿ ಇನ್ನೂ ಇಲ್ಲ. ಕುಸಿದ ರೋಗನಿರೋಧಕ ಶಕ್ತಿಯನ್ನು ಮತ್ತೆ ಎತ್ತಿ ನಿಲ್ಲಿಸುವುದೊಂದೇ ದಾರಿ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ಇಲ್ಲಿ ವೈರಸ್ಸಿಗಿಂತ ದೊಡ್ಡ ಶತ್ರು ನಮ್ಮ ನಾಚಿಕೆ. ‘ಎಚ್.ಐ.ವಿ. ಪರೀಕ್ಷೆ ಎಂದರೆ ಊರವರು ಏನಂದಾರು’ ಎಂದು ಹಿಂಜರಿಯುವ ತಿಂಗಳುಗಳಲ್ಲಿ ಮಿದುಳು ಸವೆದುಹೋಗುತ್ತದೆ. ಸವೆದದ್ದು ಪೂರ್ತಿ ಮರಳಿ ಬರುವುದು ವಿರಳ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಉಚಿತ; ಫಲಿತಾಂಶವನ್ನು ಗುಟ್ಟಾಗಿ ಇಡಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ. ಎ.ಆರ್.ಟಿ. ಔಷಧಿಯನ್ನು 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿದೆ. ಅದನ್ನು ಒಂದು ದಿನವೂ ತಪ್ಪಿಸದೆ ನುಂಗುವವರಿಗೆ ಪಿ.ಎಂ.ಎಲ್. ಬರುವ ಭಯ ಬಹಳ ಕಡಿಮೆ. ಕ್ಯಾನ್ಸರ್, ಅಂಗ ಕಸಿಯ ಚಿಕಿತ್ಸೆಯಲ್ಲಿರುವವರು ಹೆದರಿ ತಾವಾಗಿಯೇ ಔಷಧಿ ನಿಲ್ಲಿಸಬಾರದು. ಹೊಸ ಲಕ್ಷಣ ಕಂಡೊಡನೆ ತಮ್ಮ ವೈದ್ಯರಿಗೆ ತಿಳಿಸಬೇಕು.

ಇನ್ನೊಂದು ಮಾತು. ಮರಣೋತ್ತರ ಪರೀಕ್ಷೆಗೆ ವೈದ್ಯರು ಒಪ್ಪಿಗೆ ಕೇಳಿದಾಗ ‘ಸತ್ತ ಮೇಲೂ ಹಿಂಸೆಯೇ’ ಎಂದು ಮನಸ್ಸು ಹಿಂಜರಿಯುವುದು ಸಹಜ. ಒಪ್ಪುವುದೂ ಬಿಡುವುದೂ ನಿಮಗೆ ಸೇರಿದ್ದು. ಆದರೆ ಇಂದು ಬದುಕಿರುವ ರೋಗಿಯ ಎಂ.ಆರ್.ಐ. ಚಿತ್ರವನ್ನು ವೈದ್ಯರು ಓದಬಲ್ಲರಾದರೆ, ಅದಕ್ಕೆ ಹಿಂದೊಮ್ಮೆ ಯಾವುದೋ ಮನೆಯವರು ದುಃಖದ ನಡುವೆಯೂ ‘ಆಗಲಿ’ ಎಂದದ್ದೂ ಒಂದು ಕಾರಣ.