ಓದಿಸಿ ಬಂದದ್ದೇನು?

ಕಲಘಟಗಿ ತಾಲೂಕಿನ ದುಮ್ಮವಾಡದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಗಳು ಪಿ.ಯು.ಸಿ. ಪಾಸಾಗಿದ್ದಾಳೆ. ಧಾರವಾಡದ ಕಾಲೇಜಿಗೆ ಸೇರುವ ಆಸೆ. ಅಮ್ಮಿಗೂ ಮನಸ್ಸಿದೆ. ಅಬ್ಬಾ ಮಾತ್ರ ಕೇಳುತ್ತಾರೆ: "ಬಿ.ಎ. ಮಾಡಿದವಳೂ ಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ. ಮೂರು ವರ್ಷ ಓದಿಸಿ ಬಂದದ್ದೇನು?"

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಪದವಿ ಪಡೆದವರಿಗೆಲ್ಲ ನೌಕರಿ ಸಿಗುವುದಿಲ್ಲ ಎಂಬುದು ನಿಜ. ಆದರೆ ಮೂರು ವರ್ಷದ ಲೆಕ್ಕದಲ್ಲಿ ಇದಕ್ಕೆ ಉತ್ತರ ಸಿಗದು.

ಧಾರವಾಡವನ್ನೇ ನೋಡಿ. 1917ರಲ್ಲಿ ಅಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗ ಪದವಿ ಕೊಡುತ್ತಿದ್ದುದು ದೂರದ ಮುಂಬಯಿ ವಿಶ್ವವಿದ್ಯಾಲಯ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು, ಮರುವರ್ಷ ಧಾರವಾಡಕ್ಕೆ ಬಂತು. ಅಲ್ಲಿ ಓದಿದವರು ಹಳ್ಳಿಗಳ ಹೈಸ್ಕೂಲುಗಳಲ್ಲಿ ಮಾಸ್ತರರಾದರು. ಅವರು ಕಲಿಸಿದ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು. ಒಂದು ವಿಶ್ವವಿದ್ಯಾಲಯದ ಫಲ ಹಳ್ಳಿಯ ಮನೆಗೆ ಮುಟ್ಟಲು ಒಂದು ತಲೆಮಾರೇ ಬೇಕಾಗುತ್ತದೆ.

ನಮ್ಮ ಮನೆಗಳಿಗೆ ಅದು ಇನ್ನೂ ತಡವಾಗಿ ಮುಟ್ಟಿದೆ. 20 ವರ್ಷ ದಾಟಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇಕಡಾ 4ಕ್ಕಿಂತ ಕಡಿಮೆ, ದೇಶದ ಒಟ್ಟು ಜನರಲ್ಲಿ ಸುಮಾರು ಶೇಕಡಾ 7 ಎಂದು 2006ರ ಸಾಚಾರ್ ವರದಿ ಹೇಳಿತ್ತು. ಅಂದು ಕಾಲೇಜು ಕಾಣದ ಹುಡುಗಿಯರೇ ಇಂದು ತಾಯಂದಿರು. ಮಗಳು ಯಾವ ಕೋರ್ಸು ತೆಗೆದುಕೊಳ್ಳಬೇಕು, ಸ್ಕಾಲರ್‌ಶಿಪ್ಪಿಗೆ ಎಲ್ಲಿ ಅರ್ಜಿ ಹಾಕಬೇಕು ಎಂದು ಹೇಳಲು ಮನೆಯಲ್ಲಿ ಯಾರೂ ಇಲ್ಲ. ತಪ್ಪಿಹೋದ ಒಂದು ಪದವಿ ಮುಂದಿನ ತಲೆಮಾರನ್ನೂ ಕಾಡುವುದು ಹೀಗೆ.

ಓದಿದವಳ ಮನೆಯಲ್ಲಿ ಇದು ತಿರುವುಮುರುವು. ರೊಟ್ಟಿ ಬಡಿಯುತ್ತಲೇ ಮಗುವಿನ ಲೆಕ್ಕ ತಿದ್ದುತ್ತಾಳೆ. ಔಷಧದ ಚೀಟಿ ಓದುತ್ತಾಳೆ. ನಿಕಾಹ್‌ನಾಮಾಕ್ಕೆ ಸಹಿ ಹಾಕುವ ಮುಂಚೆ ಮಹರ್ ಎಷ್ಟು ಬರೆದಿದ್ದಾರೆಂದು ನೋಡುತ್ತಾಳೆ. ತಂಗಿಯರಿಗೂ ನಾದಿನಿಯರಿಗೂ ಕಾಲೇಜಿನ ದಾರಿ ತೋರಿಸುತ್ತಾಳೆ. ಗಂಡನ ದುಡಿಮೆ ನಿಂತ ದಿನ ಅವಳ ಕೈಯಲ್ಲಿ ಒಂದು ಆಸರೆ ಇರುತ್ತದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆಯೂ ಹಗುರಾಗಿದೆ. ಆದರೆ ಬಸ್ಸು ಕಾಲೇಜಿನವರೆಗೆ ಮಾತ್ರ ಒಯ್ಯುತ್ತದೆ. ಮುಂದಿನ ದಾರಿ ನಮ್ಮ ಕೈಯಲ್ಲಿದೆ. ಓದಿದ ಸೊಸೆಯನ್ನು ಹುಡುಕಿ ತರುವ ನಾವು, ಅವಳು ಶಾಲೆಯಲ್ಲಿ ಕಲಿಸಲು ಹೋಗುತ್ತೇನೆಂದಾಗ ಮುಖ ತಿರುಗಿಸಿದರೆ ಹೇಗೆ?

"ಓದಿಸಿ ಬಂದದ್ದೇನು?" ಎಂದು ಕೇಳುವ ಮುಂಚೆ, ಓದಿದ್ದನ್ನು ಬಳಸಲು ಅವಳಿಗೆ ಬಿಟ್ಟಿದ್ದೇವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.