ಗಾಳ ಬೀಳದ ಹೊಳೆ

ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ, ಮಾಯ್ ನದಿಯ ದಡದ ಮೇಲೆ, ಬ್ಯಾಲಿನಾ ಎಂಬ ಪುಟ್ಟ ಪಟ್ಟಣವಿದೆ. ಸಾಲ್ಮನ್ ಮೀನೇ ಆ ಊರಿನ ಕೀರ್ತಿ. ಅದನ್ನು ಗಾಳಕ್ಕೆ ಸಿಲುಕಿಸುವ ಹಂಬಲದಿಂದ ಹೊರನಾಡಿನ ಜನ ಅಲ್ಲಿಗೆ ಬರುತ್ತಾರೆ. ದಕ್ಷಿಣ ಕನ್ನಡದಲ್ಲಿಯೂ ಮೀನಿಗಾಗಿಯೇ ಜನರು ಅರಸಿಕೊಂಡು ಹೋಗುವ ಹೊಳೆಯ ಊರೊಂದಿದೆ. ಆದರೆ ಅಲ್ಲಿಗೆ ಹೋಗುವವರ ಕೈಯಲ್ಲಿರುವುದು ಗಾಳವಲ್ಲ, ಹಿಡಿ ಅಕ್ಕಿ.

ಬೆಳ್ತಂಗಡಿ ತಾಲ್ಲೂಕಿನ ಶಿಶಿಲವೇ ಆ ಊರು. ಘಟ್ಟದ ಬುಡದ ಈ ಗ್ರಾಮದಲ್ಲಿ ಕಪಿಲಾ ನದಿಯು ಶಿಶಿಲೇಶ್ವರ ದೇವಾಲಯವನ್ನು ಬಳಸಿ ಹರಿಯುತ್ತದೆ. ಅಕ್ಕಿ ಬಿದ್ದೊಡನೆ ಶಾಂತವಾಗಿದ್ದ ಮಡು ಕುದಿಯತೊಡಗುತ್ತದೆ. ನುಣುಪಾದ ಬೆನ್ನುಗಳು ಒಂದರ ಮೇಲೊಂದು ಹೊರಳುತ್ತವೆ. ಮೆಟ್ಟಿಲ ಮೇಲೆ ನಿಂತ ಮಕ್ಕಳು ಹೆದರಿ ತಾಯಿಯ ಸೆರಗು ಹಿಡಿಯುತ್ತಾರೆ. ಮರುಕ್ಷಣವೇ ಇನ್ನೊಂದು ಹಿಡಿ ಅಕ್ಕಿಗಾಗಿ ಕೈ ಚಾಚುತ್ತಾರೆ.

ಇವು ಪೆರುವೋಳು ಜಾತಿಯ ಮೀನುಗಳು. ಇಂಗ್ಲಿಷರು ಇವನ್ನು ಮಹಸೀರ್ ಎಂದರು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್, ಗಾಳದ ಬೇಟೆಯನ್ನು ಕುರಿತು 1873ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೋರಾಟದಲ್ಲಿ ಮಹಸೀರ್ ಸಾಲ್ಮನ್ನಿಗಿಂತಲೂ ಮಿಗಿಲೆಂದು ಕೊಂಡಾಡಿದನು. ಆತನಿಗೆ ಅದು ಸರಿಸಮನಾದ ಎದುರಾಳಿ. ಶಿಶಿಲದವರಿಗೆ ಅದು ದೇವರ ಮೀನು.

ದೇವರ ಹೆಸರು ಗಾಳವನ್ನು ತಡೆಯಿತು; ವಿಷವನ್ನು ತಡೆಯಲಿಲ್ಲ. 1996ರಲ್ಲಿ ದುಷ್ಕರ್ಮಿಗಳು ಹೊಳೆಗೆ ವಿಷ ಬೆರೆಸಿದರು. ಸಾವಿರಾರು ಮೀನುಗಳು ಸತ್ತು ತೇಲಿದವು. ಮೀನು ಹಿಡಿಯಲು ನೀರಿಗೆ ವಿಷವಿಕ್ಕುವುದು 1897ರ ಕಾಯಿದೆಯಿಂದಲೇ ಅಪರಾಧವಾಗಿತ್ತು. ಶಾಸನ ಕಡತದಲ್ಲಿತ್ತು, ಭಕ್ತಿ ಮೆಟ್ಟಿಲ ಮೇಲಿತ್ತು. ಹೊಳೆಯನ್ನು ಕಾಯುವ ಕಣ್ಣು ಮಾತ್ರ ಆ ಹೊತ್ತಿಗೆ ಅಲ್ಲಿರಲಿಲ್ಲ. ಅಳಿದ ಮೀನುಗಳ ನೆನಪಿಗೆ ಊರವರು ಸ್ಮಾರಕವನ್ನು ಕಟ್ಟಿದರು. ಮೀನಿಗೊಂದು ಸ್ಮಾರಕವೆಂದು ಮುಗುಳ್ನಗುವ ಯಾತ್ರಿಕನೂ ಅದರ ಕಾರಣವನ್ನು ಕೇಳಿದಾಗ ಗಂಭೀರನಾಗುತ್ತಾನೆ.

ದೇವಾಲಯಕ್ಕೆ ಎಲ್ಲೆಯುಂಟು, ನೀರಿಗಿಲ್ಲ. ಮಳೆಗಾಲದಲ್ಲಿ ಮಹಸೀರ್ ಮೊಟ್ಟೆಯಿಡಲು ಹೊಳೆಯ ಮೇಲ್ಭಾಗವನ್ನು ಅರಸಿ ಹೋಗುತ್ತದೆ. ಬೇಸಗೆಯಲ್ಲಿ ಆಳವಾದ ಮಡುವನ್ನು ಆಶ್ರಯಿಸುತ್ತದೆ. ಆದುದರಿಂದ ಮೆಟ್ಟಿಲ ಬಳಿಯ ಮಡುವೊಂದನ್ನು ಕಾಯ್ದರೆ ಸಾಲದು. ಮೇಲಿನ ತೋಟಗಳಿಂದ ಏನು ತೊಳೆದುಬರುತ್ತದೆ, ದಡದಲ್ಲಿ ಯಾರು ಏನನ್ನು ಎಸೆಯುತ್ತಾರೆ ಎಂಬುದೂ ಮೀನಿನ ಪಾಲಿಗೆ ಪ್ರಾಣದ ಪ್ರಶ್ನೆಯೇ.

ಶಿಶಿಲದ ನೀರು ಕೊನೆಗೆ ನೇತ್ರಾವತಿಯನ್ನು ಕೂಡಿ ಬಂಟ್ವಾಳದ ಮುಂದೆ ಹರಿದು ಕಡಲನ್ನು ಸೇರುತ್ತದೆ. ರಜೆಯಲ್ಲಿ ಅಲ್ಲಿಗೆ ಹೋಗುವ ಸಂಸಾರಗಳು ಅಕ್ಕಿಯನ್ನು ನೀರಿಗೆ ಹಾಕಿ, ಅಕ್ಕಿ ತಂದ ಚೀಲವನ್ನು ಮನೆಗೆ ಮರಳಿ ಒಯ್ದರೆ, ಹರಕೆ ಪೂರ್ಣವಾದಂತೆ.